ಅಕ್ಟೋಬರಿನ ಕೈಯಲ್ಲಿ ಮಾರ್ಚಿಯ ದಾರ

ಕಾಲಿನ್ಕಾ ಬೋಯಾಜಿಯೆವಾಳ ಎಡಗಣ್ಣು ಮಾರ್ಚಿಯಲ್ಲಿ ಸೂಜಿಗೆ ದಾರ ಪೋಣಿಸುತ್ತಿತ್ತು. ಅಕ್ಟೋಬರಿನ ಹೊತ್ತಿಗೆ ಅದು ಕುರುಡಾಗಿತ್ತು. ಆಸ್ಪತ್ರೆಯ ವರದಿಯ ಹದಿನಾಲ್ಕನೇ ಪುಟದಲ್ಲಿ ಅವಳ ಹೆಸರಿನ ಬದಲು ಒಂಬತ್ತು ಎಂಬ ಅಂಕೆ ಇದೆ. ಅದರ ಎದುರಿಗೆ 'ಚಿಕಿತ್ಸೆಯಿಂದ ಪೂರ್ಣ ಗುಣ' ಎಂದು ಬರೆದಿದೆ.

"ಒಂಬತ್ತು ಅಂದ್ರೆ ನಾನಾ?" ಎಂದಳು ಕಾಲಿನ್ಕಾ.

"ನೀನೇ," ಎಂದಳು ಪಕ್ಕದಲ್ಲಿ ಕೂತಿದ್ದ ನೆವೆನಾ.

"ಪೂರ್ಣ ಗುಣ?"

"ಹಾಗಂತ ಬರೆದಿದೆ."

"ಮತ್ತೆ ಇದನ್ನ ಯಾಕೆ ಕಟ್ಕೊಂಡಿದೀನಿ? ಚಂದಕ್ಕಾ?" ಎಡಗಣ್ಣಿನ ಮೇಲಿನ ಬಿಳಿ ಪಟ್ಟಿಯನ್ನು ಬೆರಳಿಂದ ತಟ್ಟಿ ತೋರಿಸಿದಳು.

ಬೆಂಚಿನ ಆ ತುದಿಯಲ್ಲಿದ್ದ ವ್ಲಾಯ್ಕೋ ಅಜ್ಜ ಕಿವಿ ಇತ್ತ ಕೊಟ್ಟಿದ್ದ. ಪೊರೆ ತೆಗೆಸಲು ಬಂದವನು. "ಗುಣ ಅಂದ್ರೆ ಅವರ ಕಾಗದಕ್ಕೆ ಗುಣ ಕಣಮ್ಮ. ನನ್ನ ಹೆಂಡತಿಗೂ ಪೂರ್ಣ ಗುಣ ಅಂತಾನೇ ಬರೆದು ಮನೆಗೆ ಕಳಿಸಿದ್ರು. ದಾರೀಲೇ ಹೋದ್ಲು."

ಬೆಳಿಗ್ಗೆ ಎಂಟೂ ಇಪ್ಪತ್ತು. ಕಾಮೆನ್‌ಗ್ರಾದ್ ಕಣ್ಣಾಸ್ಪತ್ರೆಯ ಎರಡನೇ ಮಹಡಿಯ ಓಣಿಯಲ್ಲಿ ಆಗಲೇ ಹದಿನೈದು ಜನ ಕೂತಿದ್ದರು. ಎಲ್ಲರ ಬೂಟಿನ ಮೇಲೂ ನೀಲಿ ಪ್ಲಾಸ್ಟಿಕ್ ಚೀಲ, ಎಲ್ಲರ ಕೈಯಲ್ಲೂ ಚೀಟಿ. ನವೆಂಬರಿನ ಗಾಳಿ ಗುಡ್ಡದಿಂದ ಇಳಿದು ಬಂದು ಕಿಟಕಿಯ ಗಾಜನ್ನು ಗಡಗಡ ಅನ್ನಿಸುತ್ತಿತ್ತು.

ನೆವೆನಾ ಗ್ರೋಝೆವಾ ವರದಿಯಲ್ಲಿದ್ದ ಎರಡು ಫೋಟೋಗಳನ್ನು ಮಂಡಿಯ ಮೇಲೆ ಹರಡಿಕೊಂಡಿದ್ದಳು. ಪೊಲೀಸ್ ಇಲಾಖೆಯಲ್ಲಿ ಇಪ್ಪತ್ತೆರಡು ವರ್ಷ ಅವಳು ಮಾಡಿದ್ದು ಇದೇ ಕೆಲಸ. ಸತ್ತವರ, ಒಡೆದ ಬೀಗಗಳ, ಆತುರಾತುರವಾಗಿ ಒರೆಸಿದ ನೆಲದ ಫೋಟೋ ತೆಗೆಯುವುದು. ಬೇರೆಯವರಿಗೆ ಕಾಣದ್ದನ್ನು ಅದರಲ್ಲಿ ಕಾಣುವುದು. ಈಗ ಇಲಾಖೆ ಬಿಟ್ಟು ಸ್ವಂತವಾಗಿ ಪತ್ತೇದಾರಿಕೆ ಮಾಡುತ್ತಾಳೆ. ಮೂರು ವಾರದ ಹಿಂದೆ ಕೋಟು ಹೊಲಿಯುವ ಕಾರ್ಖಾನೆಯ ಹೆಂಗಸರು ಗುಂಪಾಗಿ ಬಂದು ಅವಳ ಬಾಗಿಲು ತಟ್ಟಿದ್ದರು: ನಮ್ಮ ಕಾಲಿನ್ಕಾಳ ಕಣ್ಣನ್ನು ಯಾರು ತಿಂದರು, ಪತ್ತೆ ಮಾಡಿಕೊಡು. ನಿನ್ನೆ ಸಂಜೆ ಪೆಂಕಾ ಈ ವರದಿಯನ್ನು ಕಸದ ಬುಟ್ಟಿಯಿಂದ ಎತ್ತಿ ತಂದು ಕೊಟ್ಟಿದ್ದಳು.

ಪೆಂಕಾ ಜನವರಿಯವರೆಗೂ ಇದೇ ಓಣಿಯ ನರ್ಸ್. ಖರ್ಚು ಇಳಿಸಬೇಕೆಂದು ಅವಳನ್ನು ತೆಗೆದರು. ವಾರದೊಳಗೆ ಗುತ್ತಿಗೆದಾರನ ಮೂಲಕ ಅದೇ ಓಣಿಯನ್ನು ಗುಡಿಸಲು ಇಟ್ಟುಕೊಂಡರು. ಹತ್ತೊಂಬತ್ತು ವರ್ಷ ಜನರ ಕಣ್ಣಿಗೆ ಮದ್ದು ಹಾಕಿದ ಕೈಗೆ ಪೊರಕೆ ಕೊಟ್ಟವರಿಗೆ, ಆ ಕೈ ಬುಟ್ಟಿಯೊಳಗಿನ ಕಾಗದವನ್ನು ಓದಬಲ್ಲದು ಎಂಬುದು ಹೊಳೆಯಲಿಲ್ಲ.

"ಇವತ್ತು ಸೂಜಿ ಎಷ್ಟು ಗಂಟೆಗೆ?" ಎಂದು ನೆವೆನಾ ಕೇಳಿದಳು, ಗೊತ್ತಿದ್ದರೂ.

"ಒಂಬತ್ತಕ್ಕೆ. ಇದಕ್ಕೆ." ಕಾಲಿನ್ಕಾ ಬಲಗಣ್ಣನ್ನು ತೋರಿಸಿದಳು. ರೆಪ್ಪೆಯ ಅಂಚು ಕೆಂಪಗೆ ಉಬ್ಬಿತ್ತು. "ಹೋದ ಮಂಗಳವಾರದಿಂದ ಶುರು. ಒಳಗಿಂದ ಯಾರೋ ಹೆಬ್ಬೆರಳಲ್ಲಿ ಒತ್ತಿದ ಹಾಗೆ. ಆಗಲೂ ಹೀಗೇ ಶುರುವಾಗಿತ್ತು. ಇದೂ ಹೋದ್ರೆ ಏನ್ ಹೊಲೀಲಿ ನಾನು? ಬಾಯಿ ಹೊಲ್ಕೊಂಡು ಕೂರಬೇಕು."

ಅವಳ ರೋಗಕ್ಕೆ ಡಾಕ್ಟರುಗಳು ಕೊಟ್ಟ ಹೆಸರು ಕಣ್ಣಗೂಡಿನ ಉರಿಯೂತ. ಗುಡ್ಡೆಯ ಹಿಂದಿನ ಮಾಂಸ ಊದಿಕೊಳ್ಳುತ್ತದೆ. ಮೂಳೆಯ ಗೂಡಿನಲ್ಲಿ ಜಾಗ ಸಾಲದೆ ಗುಡ್ಡೆಯನ್ನು ಮುಂದಕ್ಕೆ ದಬ್ಬುತ್ತದೆ, ನೋಟದ ನರವನ್ನು ಹಿಸುಕುತ್ತದೆ. ಯಾಕೆ ಊದುತ್ತದೆ ಎಂದು ಖಚಿತವಾಗಿ ಹೇಳುವವರಿಲ್ಲ. ಆದರೆ ಕಾಲಿನ್ಕಾಳಿಗೆ ಅದಕ್ಕಿಂತ ಮೊದಲು, ಫೆಬ್ರವರಿಯಲ್ಲಿ, ಜ್ವರ ಬಂದಿತ್ತು. ಗಂಟಲು ಕಟ್ಟಿ, ಕುತ್ತಿಗೆಯ ಗಂಟುಗಳು ದ್ರಾಕ್ಷಿಯಂತೆ ಉಬ್ಬಿದ್ದವು. ಎಂಜಲಿನಿಂದ ಹರಡುವ ವೈರಸ್. ಹುಡುಗ ಹುಡುಗಿಯರಿಗೆ ಬರುವಂಥದ್ದು, ಮುತ್ತಿನ ಜ್ವರ ಎಂದು ಊರಲ್ಲಿ ನಗುತ್ತಾರೆ.

"ನಲವತ್ತಾರನೇ ವಯಸ್ಸಲ್ಲಿ ಮುತ್ತಿನ ಜ್ವರ!" ಎಂದು ಕಾಲಿನ್ಕಾ ಮೊದಲ ದಿನವೇ ಹೇಳಿದ್ದಳು. "ಮುತ್ತು ಕೊಟ್ಟೋನು ಯಾರು ಅಂತ ಪತ್ತೆ ಮಾಡು ಅಕ್ಕ, ನನಗೂ ನೋಡೋ ಆಸೆ." ಮುತ್ತೂ ಇಲ್ಲ, ಗಿತ್ತೂ ಇಲ್ಲ. ಹೊಲಿಗೆ ಸಭಾಂಗಣದ ನಲ್ಲಿಯ ಹತ್ತಿರ ನಲವತ್ತು ಹೆಂಗಸರಿಗೆ ಎರಡೇ ಲೋಟ. ಅಷ್ಟೇ ಕತೆ.

ಸೋಫಿಯಾದಿಂದ ಬಂದ ಪ್ರೊಫೆಸರ್ ಹಾಜಿಕೋಸ್ತೋವ್ ಈ ಮಹಡಿಯಲ್ಲಿ ಹೊಸ ಸೂಜಿಮದ್ದೊಂದನ್ನು ಪರೀಕ್ಷಿಸುತ್ತಿದ್ದ. ಮೈಯ ಕಾವಲನ್ನೇ ಮಲಗಿಸಿ ಊತ ಇಳಿಸುವ ಮದ್ದು. ವರದಿಯ ಮೊದಲ ಪುಟದಲ್ಲಿ ಅವನೇ ಬರೆದ ನಿಯಮವಿದೆ: ಕಣ್ಣಗೂಡಿನ ಮಾಂಸದಲ್ಲಿ ವೈರಸ್ ಸಿಕ್ಕವರಿಗೆ ಈ ಮದ್ದು ಕೊಡಕೂಡದು. ಕಾವಲು ಮಲಗಿದರೆ ಒಳಗಿನ ಕಳ್ಳ ಏಳಬಹುದು. ಮಾರ್ಚಿ ನಾಲ್ಕರಂದು ಕಾಲಿನ್ಕಾಳ ಕಣ್ಣಗೂಡಿನಿಂದ ಅಕ್ಕಿಕಾಳಿನಷ್ಟು ಮಾಂಸ ತೆಗೆದು, ಮೇಣದಲ್ಲಿ ಹುದುಗಿಸಿ, ಪ್ರಯೋಗಾಲಯಕ್ಕೆ ಕಳಿಸಿದ್ದರು. ಫಲಿತಾಂಶದ ಹಾಳೆ ಅವಳ ಕಡತದಲ್ಲಿ ಇಲ್ಲ. ಹಾಳೆ ಇದ್ದ ಜಾಗದಲ್ಲಿ ಪಿನ್ನಿನ ಎರಡು ತೂತು ಮಾತ್ರ ಇವೆ.

ಆ ಹಾಳೆಯನ್ನು ಕಿತ್ತವನು ಪ್ರಯೋಗಾಲಯದ ಟ್ರಾಯ್ಕೋವ್ ಎಂದು ನೆವೆನಾ ಮೂರು ವಾರ ನಂಬಿದ್ದಳು. ಅವನ ಹಿಂದೆ ನೆರಳಿನಂತೆ ಸುತ್ತಿದ್ದಳು. ಮೊನ್ನೆ ಅವನನ್ನು ಅವನ ಮಗಳ ಎದುರಿಗೇ ನಿಲ್ಲಿಸಿ ಕೇಳಿದ್ದಳು. ಆ ಮನುಷ್ಯ ಅತ್ತುಬಿಟ್ಟಿದ್ದ.

ಈಗ ಫೋಟೋಗಳು.

ಮೊದಲನೆಯದರ ಕೆಳಗೆ 'ಚಿಕಿತ್ಸೆಗೆ ಮುನ್ನ, ಮಾರ್ಚಿ 1' ಎಂದಿತ್ತು. ಎಡಗಣ್ಣು ಗೂಡಿನಿಂದ ಆಚೆ ಬಂದು ನಿಂತಿದೆ, ಬೇಯಿಸಿದ ಮೊಟ್ಟೆಯ ಹಾಗೆ. ಎರಡನೆಯದರ ಕೆಳಗೆ 'ಚಿಕಿತ್ಸೆಯ ನಂತರ, ಅಕ್ಟೋಬರ್ 9'. ರೆಪ್ಪೆ ತುಸು ದಪ್ಪ, ಅಷ್ಟೇ. ಕಣ್ಣು ಕಣ್ಣಿನ ಜಾಗದಲ್ಲೇ ಇದೆ. ಯಾರು ನೋಡಿದರೂ ಭೇಷ್ ಅನ್ನಬೇಕು.

ನೆವೆನಾ ಕಣ್ಣನ್ನು ನೋಡಲಿಲ್ಲ. ಕೈಯನ್ನು ನೋಡಿದಳು.

ಎರಡು ಫೋಟೋದಲ್ಲೂ ಕಾಲಿನ್ಕಾಳ ಎಡಗೈ ಇತ್ತು. ಗುಡ್ಡೆ ಎಷ್ಟು ಮುಂದೆ ಬಂದಿದೆ ಎಂದು ಅಳೆಯಲು ಕೆನ್ನೆಯ ಪಕ್ಕ ಅಳತೆಪಟ್ಟಿ ಹಿಡಿಯಬೇಕು. ಅದು ನರ್ಸಿನ ಕೆಲಸ. ನರ್ಸನ್ನು ತೆಗೆದ ಮೇಲೆ ರೋಗಿಯೇ ಹಿಡಿಯುವುದು ರೂಢಿಯಾಯಿತು.

"ಕಾಲಿನ್ಕಾ, ಇಲ್ಲಿ ನಿನ್ನ ಬೆರಳು ಯಾಕೆ ಇಷ್ಟು ಕಪ್ಪಗಿದೆ?"

ಕಾಲಿನ್ಕಾ ಬಲಗಣ್ಣಿಗೆ ಫೋಟೋ ಹತ್ತಿರ ಹಿಡಿದು ನೋಡಿದಳು. "ಆಕ್ರೋಟು ಸುಲಿದಿದ್ದು. ಹಸಿ ಸಿಪ್ಪೆ ಬಿಡಿಸಿದ್ರೆ ಹಾಗೇ, ತಿಂಗಳಾದ್ರೂ ಹೋಗಲ್ಲ. ಈ ಸಲ ಅತ್ತಿಗೆ ಎರಡು ಮೂಟೆ ತಂದು ಸುರಿದ್ಲು."

"ಆಕ್ರೋಟು ಯಾವಾಗ ಸುಲೀತೀರಾ?"

"ಇನ್ಯಾವಾಗ? ಸೆಪ್ಟೆಂಬರ್ ಕೊನೆಗೆ." ಅವಳು ತಡೆದಳು. ಫೋಟೋದ ಕೆಳಗಿನ ಅಕ್ಷರವನ್ನು ಇನ್ನೊಮ್ಮೆ ಓದಿದಳು. "ಮಾರ್ಚಿ ಅಂತಿದೆಯಲ್ಲ ಇಲ್ಲಿ."

ವ್ಲಾಯ್ಕೋ ಅಜ್ಜ ಇಣುಕಿದ. "ಮಾರ್ಚೀಲಿ ಆಕ್ರೋಟಾ? ಯಾವ ದೇಶದ ಮರಾನಮ್ಮ ಅದು?"

ನೆವೆನಾ ಎರಡನೇ ಫೋಟೋವನ್ನು ಬೆಳಕಿಗೆ ಹಿಡಿದಳು. ಅಕ್ಟೋಬರಿನ ಕೈ. ಬೆರಳು ಬೆಳ್ಳಗೆ, ಶುಭ್ರ. ಮಣಿಕಟ್ಟಿನಲ್ಲಿ ಕೆಂಪು ಬಿಳಿ ಹೊಸೆದ ದಾರ.

ಮಾರ್ತೆನಿತ್ಸಾ. ಮಾರ್ಚಿ ಒಂದನೇ ತಾರೀಖು ಒಬ್ಬರಿಗೊಬ್ಬರು ಕಟ್ಟುವ ದಾರ. ಮೊದಲ ಮರ ಹೂ ಬಿಟ್ಟ ದಿನ, ಇಲ್ಲವೇ ಮೊದಲ ಕೊಕ್ಕರೆ ಕಂಡ ದಿನ, ಅದನ್ನು ಬಿಚ್ಚಿ ಕೊಂಬೆಗೆ ಕಟ್ಟುತ್ತಾರೆ. ಏಪ್ರಿಲ್ ದಾಟಿ ಅದನ್ನು ಕೈಯಲ್ಲಿಟ್ಟುಕೊಂಡವರನ್ನು ಈ ದೇಶದಲ್ಲಿ ಯಾರೂ ಕಂಡಿಲ್ಲ. ಮಾರ್ಚಿಯಲ್ಲಿ ಅದು ಎಲ್ಲರ ಕೈಯಲ್ಲೂ ಇರುತ್ತದೆ, ಅದಕ್ಕೇ ಯಾರ ಕಣ್ಣಿಗೂ ಬೀಳುವುದಿಲ್ಲ. ತಾರೀಖು ಬದಲಿಸಿದವರ ಕಣ್ಣಿಗೂ ಬಿದ್ದಿರಲಿಲ್ಲ. ಹೊರದೇಶದವನಾಗಿದ್ದರೆ, ಇದೇನಪ್ಪ ದಾರ, ಎಂದು ಒಮ್ಮೆ ಕೇಳಿ ಸಿಕ್ಕಿಬೀಳದೆ ಪಾರಾಗುತ್ತಿದ್ದನೇನೋ.

ಎರಡು ಫೋಟೋ ಅದಲುಬದಲು. ಗುಣವಾದ ಕಣ್ಣು ಮದ್ದಿಗಿಂತ ಮುಂಚಿನದು. ಹಾಳಾದ ಕಣ್ಣು ಮದ್ದಿನ ನಂತರದ್ದು.

ನೆವೆನಾ ಜೇಬಿನಿಂದ ಭೂತಗನ್ನಡಿ ತೆಗೆದಳು. ದಾರದ ಗಂಟಿನ ಹತ್ತಿರ ಒಂದು ಚುಕ್ಕೆ. ನೀಲಿ. ಕನ್ನಡಿ ಹತ್ತಿರ ತಂದಳು. ಗಾಜಿನ ಮಣಿ; ತೂತು ನಡುವಿಗಿಲ್ಲ, ಒಂದು ಪಕ್ಕಕ್ಕೆ ಸರಿದಿದೆ.

ಆ ಮಣಿಯನ್ನು ಅವಳು ಮುಂಚೆ ನೋಡಿದ್ದಳು.

"ಈ ದಾರ ನಿನಗೆ ಯಾರು ಕಟ್ಟಿದ್ರು?"

"ಅದಾ? ಫೋಟೋ ತೆಗೆದೋರು." ಕಾಲಿನ್ಕಾ ನೆನಪಿಸಿಕೊಂಡಳು. "ಯಾರೋ ಹೆಂಗಸು, ಮುಖಕ್ಕೆ ಮಾಸ್ಕ್. ಪಾಪೆ ಅಗಲ ಮಾಡೋ ಹನಿ ಹಾಕ್ಬಿಟ್ಟಿದ್ರಲ್ಲ, ಎಲ್ಲಾ ಮಂಜು ಮಂಜು, ಬಿಳಿ ಕೋಟು ಒಂದೇ ಕಾಣ್ತಿತ್ತು. ಕೈ ಮಾತ್ರ ಬೆಚ್ಚಗಿತ್ತು. 'ಬೆಳ್ಳಗೆ ಕೆಂಪಗೆ ಗಟ್ಟಿಮುಟ್ಟಾಗಿರು' ಅಂತ ಹರಸಿ ಕಟ್ಟಿದ್ರು. ನರ್ಸ್ ಇರಬೇಕು ಅಂದ್ಕೊಂಡೆ. ಆಮೇಲೆ ಅವರೇ ಒಂದಿಷ್ಟು ಕಾಗದಕ್ಕೆ ರುಜು ಹಾಕಿಸ್ಕೊಂಡ್ರು."

"ಹನಿ ಹಾಕಿದ ಮೇಲೆ?"

"ಹೂಂ. ಗೆರೆ ಎಲ್ಲಿದೆ ಅಂತ ಬೆರಳು ಹಿಡಿದು ತೋರಿಸಿದ್ರು."

ನೆವೆನಾ ಎದ್ದಳು. ಪೊಲೀಸ್ ಕೆಲಸದಲ್ಲಿ ಸತ್ತವರ ಮನೆಬಾಗಿಲನ್ನು ಎಷ್ಟೋ ಸಲ ತಟ್ಟಿದ್ದಳು. ಈ ಸಲ ಬಾಗಿಲು ಅವಳದ್ದೇ ಬದುಕಿನದು.

ಓಣಿಯ ಕೊನೆಯಲ್ಲಿ ಪೆಂಕಾ ನೆಲ ಒರೆಸುತ್ತಿದ್ದಳು. ತಲೆ ಎತ್ತದೆ ಗೊಣಗಿದಳು: "ಡಾಕ್ಟರ್ ಒಳಗಿದಾರೆ. ಒಬ್ಬರೇ."

ಡಾಕ್ಟರ್ ಬ್ಲಾಗಾ ರೂಸೆವಾ ಬೀರುವಿನ ಎದುರು ನಿಂತು ಕೋಟಿನ ಗುಂಡಿ ಹಾಕಿಕೊಳ್ಳುತ್ತಿದ್ದಳು. ಒಂದೇ ಶಾಲೆ, ಒಂದೇ ಬೆಂಚು, ನಲವತ್ತು ವರ್ಷದ ಗೆಳತಿ. ನೆವೆನಾಳ ಮದುವೆ ಮುರಿದಾಗ ಎರಡು ತಿಂಗಳು ತನ್ನ ಮನೆಯಲ್ಲಿಟ್ಟುಕೊಂಡವಳು. ಈ ಕೇಸಿನಲ್ಲಿ, "ನಂಗೆ ಗೊತ್ತಿರೋದು ಇಷ್ಟೇ ಕಣೆ, ಆ ಹೆಂಗಸು ಪ್ರೊಫೆಸರ ರೋಗಿ, ನಾನು ಅವಳನ್ನ ನೋಡಿದ್ದೇ ಜೂನಲ್ಲಿ. ಪ್ರಯೋಗಾಲಯದ ಟ್ರಾಯ್ಕೋವ್ ಮೇಲೆ ಒಂದು ಕಣ್ಣಿಡು" ಎಂದು ಪಿಸುಗುಟ್ಟಿದವಳು.

"ನೆವೆ! ಇಷ್ಟು ಬೆಳಿಗ್ಗೇನಾ? ಕೂತ್ಕೋ. ಬಾನಿತ್ಸಾ ಇದೆ, ಇನ್ನೂ ಬಿಸಿ." ಮೇಜಿನ ಮೇಲೆ ಎಣ್ಣೆ ಹೀರಿದ ಕಾಗದದಲ್ಲಿ ಚೀಸು ತುಂಬಿದ ಪದರ ರೊಟ್ಟಿ. "ಮುಖ ಯಾಕೆ ಹಿಂಗಾಗಿದೆ? ಟ್ರಾಯ್ಕೋವ್ ಬಾಯಿಬಿಟ್ನಾ?"

ನೆವೆನಾ ಕೂರಲಿಲ್ಲ. ಎರಡು ಫೋಟೋ ಮೇಜಿನ ಮೇಲಿಟ್ಟಳು. ಪರ್ಸು ತೆರೆದು, ಒಳಗಿನ ಜೇಬಿನಿಂದ ಕೆಂಪು ಬಿಳಿ ದಾರವೊಂದನ್ನು ತೆಗೆದು ಪಕ್ಕದಲ್ಲಿಟ್ಟಳು. ಅದರ ಗಂಟಿಗೂ ನೀಲಿ ಮಣಿ. ತೂತು ಒಂದು ಪಕ್ಕಕ್ಕೆ. ಎಲ್ಲರೂ ಮರಕ್ಕೆ ಕಟ್ಟುವುದನ್ನು ಅವಳು ಒಂದು ವರ್ಷವೂ ಮರಕ್ಕೆ ಕೊಟ್ಟಿರಲಿಲ್ಲ. ಗೆಳತಿ ಕೈಯಾರೆ ಹೊಸೆದದ್ದು ಎಂದು ನಲವತ್ತನ್ನೂ ಇಟ್ಟುಕೊಂಡಿದ್ದಳು.

ಬ್ಲಾಗಾ ದಾರ ನೋಡಿದಳು. ಫೋಟೋ ನೋಡಿದಳು. ಗುಂಡಿ ಹಾಕುತ್ತಿದ್ದ ಬೆರಳು ಅಲ್ಲೇ ಉಳಿಯಿತು.

"ನಿಮ್ಮಜ್ಜಿ ಸರ ಹರಿದಾಗ ಬಿದ್ದ ಮಣಿ," ಎಂದಳು ನೆವೆನಾ. "ಗಾಜು ಸುಟ್ಟೋನು ತೂತು ಓರೆ ಮಾಡಿದ್ದ ಅಂತ ನೀನೇ ಹೇಳಿದ್ದೆ. ಆ ಡಬ್ಬಿ ನಿನ್ನ ಹತ್ರ ಬಿಟ್ರೆ ಇನ್ಯಾರ ಹತ್ರಾನೂ ಇಲ್ಲ."

"ಮಣಿ ಅಂದ್ರೆ ಮಣಿ. ಸಂತೇಲಿ ಸಾವಿರ ಸಿಗುತ್ತೆ."

"ಓರೆ ತೂತಿನ ಸಾವಿರ?"

"ನೆವೆ..."

"ಜೂನಲ್ಲಿ ನೋಡಿದೆ ಅಂದೆ. ಮಾರ್ಚಿ ಒಂದನೇ ತಾರೀಖು ಅವಳ ಕೈಗೆ ದಾರ ಕಟ್ಟಿದೀಯಾ. ಕಟ್ಟಿ, ಹರಸಿ, ಫೋಟೋ ತೆಗೆದಿದೀಯಾ. ಆಮೇಲೆ ಆ ಫೋಟೋಗೆ ಅಕ್ಟೋಬರ್ ಅಂತ ಬರೆದಿದೀಯಾ. ಮೂರು ವಾರ ನನ್ನನ್ನ ಟ್ರಾಯ್ಕೋವ್ ಹಿಂದೆ ನಾಯಿ ಥರ ಓಡಿಸ್ದೆ. ಆ ಮನುಷ್ಯನ್ನ ಅವನ ಮಗಳ ಮುಂದೆ ಅಳಿಸಿದೀನಿ ನಾನು."

ಬ್ಲಾಗಾ ನಿಧಾನವಾಗಿ ಕೂತಳು. ಮುಖದ ಮೇಲೆ ನಾಚಿಕೆ ಬರುತ್ತದೆಂದು ನೆವೆನಾ ಕಾದಳು. ಬಂದದ್ದು ಆಯಾಸ.

"ಬಾಗಿಲು ಹಾಕು."

"ತೆಗೆದೇ ಇರಲಿ."

"ಇಪ್ಪತ್ತೆರಡು ಜನ ರೋಗಿಗಳು," ಎಂದಳು ಬ್ಲಾಗಾ. ದನಿ ಪಾಠ ಒಪ್ಪಿಸುವವಳದ್ದು. "ಏಳು ಜನರ ಮಾಂಸದಲ್ಲಿ ವೈರಸ್ ಸಿಕ್ತು. ಏಳು ಜನಾನೂ ಬಿಟ್ರೆ ಪರೀಕ್ಷೆ ನಿಂತುಹೋಗುತ್ತೆ. ಪರೀಕ್ಷೆ ನಿಂತ್ರೆ ಪ್ರೊಫೆಸರ್ ಸೋಫಿಯಾಕ್ಕೆ ವಾಪಸ್. ಅವರು ಹೋದ್ರೆ ಈ ಮಹಡಿಗೆ ಬೀಗ. ಆಗ ಇಲ್ಲಿನ ಜನ ಕಣ್ಣು ತೋರಿಸೋಕೆ ಎಪ್ಪತ್ತು ಕಿಲೋಮೀಟರ್ ಹೋಗಬೇಕು. ಅದೂ ಲೆಕ್ಕ ಹಾಕು."

"ಹಾಕಿದೆ. ಅದಕ್ಕೆ ಏಳು ಜನರ ಹಾಳೆ ಕಿತ್ತೆ."

"ಆ ವೈರಸ್ಸೇ ಕಣ್ಣು ಊದಿಸ್ತು ಅಂತ ಯಾರು ಹೇಳಿದ್ರು ನಿಂಗೆ? ನೂರಕ್ಕೆ ತೊಂಬತ್ತು ಜನರ ಮೈಯಲ್ಲಿ ಅದು ಮಲಗಿರುತ್ತೆ. ನಿನ್ನಲ್ಲೂ ಇದೆ, ನನ್ನಲ್ಲೂ ಇದೆ. ಊದಿದ ಜಾಗಕ್ಕೆ ಓಡಿಬಂದ ರಕ್ತದ ಜೊತೆ ಸುಮ್ನೆ ಬಂದು ಕೂತಿರಬಹುದು. ಕಾರಣ ಇರಬಹುದು, ಇಲ್ಲದೇನೂ ಇರಬಹುದು. ಯಾರಿಗೂ ಗೊತ್ತಿಲ್ಲ!"

"ಗೊತ್ತಿಲ್ಲ ಅಂದ್ಮೇಲೆ ಗೊತ್ತಿಲ್ಲ ಅಂತ ಬರೀಬೇಕಿತ್ತು. ನೀವು ಇಲ್ಲ ಅಂತ ಬರೆದ್ರಿ."

ಬ್ಲಾಗಾ ಬಾನಿತ್ಸಾದ ಕಾಗದವನ್ನು ಪಕ್ಕಕ್ಕೆ ಸರಿಸಿದಳು.

ಪ್ರಶ್ನೆಯೊಂದು ಈ ಮಹಡಿಗೆ ಬಂದಿತ್ತು, ಹೊಲಿಗೆಯವಳ ಮುಖದ ಮೇಲೆ ಊದಿಕೊಂಡು ಕೂತಿತ್ತು. ಓದಿದವರೆಲ್ಲ ಸೇರಿ ಆ ಪ್ರಶ್ನೆಯ ಬಾಯಿಗೆ ಬಟ್ಟೆ ತುರುಕಿದರು. ಉತ್ತರ ತಿಳಿಯದೆ ಇರುವುದು ಯಾರ ಅಪರಾಧವೂ ಅಲ್ಲ. ಕೇಳಿದವಳ ಕಣ್ಣನ್ನೇ ಉತ್ತರದ ಬದಲಿಗೆ ತೆಗೆದುಕೊಂಡದ್ದು ಅಪರಾಧ.

"ಒಂಬತ್ತಕ್ಕೆ ಅವಳಿಗೆ ಸೂಜಿ ಇದೆ," ಎಂದಳು ನೆವೆನಾ. "ಅದನ್ನ ನಿಲ್ಲಿಸು. ಮಿಕ್ಕಿದ್ದು ಆಮೇಲೆ."

"ನಿಲ್ಲಿಸಿದ್ರೆ ಯಾಕೆ ಅಂತ ಬರೀಬೇಕು."

"ಬರಿ."

"ಬರೆಯೋಕಾಗಲ್ಲ."

"ಒಂದು ಸಾಲು ಬ್ಲಾಗಾ! ಒಂದು ಸಾಲು ಬರೆಯೋಕಾಗದೆ ಇನ್ನೊಂದು ಕಣ್ಣನ್ನೂ ತೆಗೀತೀಯಾ?"

"ಹೋಗ್ದೇನೂ ಇರಬಹುದು. ಹದಿನೈದು ಜನಕ್ಕೆ ಇದೇ ಮದ್ದು ಒಳ್ಳೇದು ಮಾಡಿದೆ. ನೀನು ಹೊರಗಿಂದ ನೋಡ್ತೀಯಾ, ನಿಂಗೆ ಕಾಣೋದು ಒಬ್ಬಳೇ."

"ನೀನು ದಾರ ಕಟ್ಟಿದ್ದೂ ಒಬ್ಬಳಿಗೇ. ಅವಳ ಕೈ ಹಿಡ್ಕೊಂಡು."

ಆ ಮಾತು ನಾಟಿತು. ಬ್ಲಾಗಾಳ ಕಣ್ಣಲ್ಲಿ ಒಂದು ಕ್ಷಣ ಶಾಲೆಯ ಬೆಂಚಿನ ಹುಡುಗಿ ಬಂದು ಹೋದಳು. "ಅದನ್ನ ಮನಸಾರೆ ಕಟ್ಟಿದ್ದೆ ನೆವೆ. ಅದೊಂದು ಸುಳ್ಳಲ್ಲ," ಎಂದಳು.

ಅದನ್ನೇ ನೆವೆನಾಳಿಗೆ ತಡೆದುಕೊಳ್ಳಲಾಗಲಿಲ್ಲ. ಮನಸಾರೆ ಹರಸಿದ ಕೈಯೇ, ಆ ಹೆಂಗಸಿನ ಬೆರಳು ಹಿಡಿದು, ಕಾಣದ ಕಾಗದದ ಮೇಲೆ ರುಜು ಮಾಡಿಸಿತ್ತು.

ಅವಳು ಫೋಟೋಗಳನ್ನು ಎತ್ತಿಕೊಂಡಳು. "ನಾನು ಜಿಲ್ಲಾ ಪ್ರಾಸಿಕ್ಯೂಟರ್ ಹತ್ರ ಹೋಗ್ತೀನಿ. ಅದಕ್ಕೆ ಮುಂಚೆ ಕಾಲಿನ್ಕಾನ ಕರ್ಕೊಂಡು ಹೊರಗೆ ನಡೀತೀನಿ."

"ಇರು."

ಬ್ಲಾಗಾ ಬೀರುವಿನಿಂದ ಹಸಿರು ಕಡತವೊಂದನ್ನು ತೆಗೆದು, ಒಂದು ಹಾಳೆ ಹುಡುಕಿ, ಬಾನಿತ್ಸಾದ ಪಕ್ಕ ಇಟ್ಟಳು.

"ಹೋಗೋಕೆ ಮುಂಚೆ ಇದನ್ನೂ ನೋಡು. ಫೋಟೋ ಚೆನ್ನಾಗಿ ನೋಡ್ತೀಯಾ. ಕಾಗದಾನೂ ನೋಡು."

ಒಪ್ಪಿಗೆ ಪತ್ರ. ರೋಗಿ ಒಂಬತ್ತು. ಹೊಸ ಮದ್ದಿನ ಪರೀಕ್ಷೆಗೆ, ಅದರ ಅಪಾಯಗಳನ್ನು ತಿಳಿದು, ಸ್ವಇಚ್ಛೆಯಿಂದ ಒಪ್ಪಿದ್ದೇನೆ. ಕೆಳಗೆ ಕಾಲಿನ್ಕಾಳ ರುಜು. ಗೆರೆಯಿಂದ ಮೇಲಕ್ಕೆ ಹತ್ತಿ, ಕೊನೆಯ ಅಕ್ಷರ ಹಾಳೆಯ ಅಂಚಿನಾಚೆ ಬಿದ್ದುಹೋಗಿತ್ತು. ಕುರುಡಾಗುವುದಕ್ಕೆ ಏಳು ತಿಂಗಳು ಮುಂಚೆಯೇ ಕುರುಡಿಯಂತೆ ಹಾಕಿದ ರುಜು.

ಅದರ ಕೆಳಗೆ ಇನ್ನೊಂದು ಸಾಲು. 'ರೋಗಿಗೆ ನನ್ನ ಸಮ್ಮುಖದಲ್ಲಿ ಪೂರ್ತಿ ಓದಿ ಹೇಳಲಾಯಿತು. ಸಾಕ್ಷಿ.'

ಸಾಕ್ಷಿಯ ರುಜು ನೆಟ್ಟಗೆ, ಸ್ಪಷ್ಟವಾಗಿ ಇತ್ತು. ನೆವೆನಾ ಗ್ರೋಝೆವಾ.

ಮಾರ್ಚಿ ಒಂದು. ಇದೇ ಕೋಣೆ. ಪ್ರತಿವರ್ಷದ ಹಾಗೆ ದಾರ ಕಟ್ಟಿಸಿಕೊಳ್ಳಲು ಬಂದಿದ್ದಳು. ಇದೇ ಥರದ ಬಾನಿತ್ಸಾ, ಇದೇ ಥರದ ಕಾಫಿ. 'ನರ್ಸನ್ನ ತೆಗೆದುಬಿಟ್ರು ಕಣೆ, ಸಾಕ್ಷಿಗೆ ಒಬ್ಬರೂ ಇಲ್ಲ. ಬರೀ ನಿಯಮಕ್ಕೆ. ಇಲ್ಲೊಂದು, ಇಲ್ಲೊಂದು.' ಆಗ ಹಾಳೆಗಳಲ್ಲಿ ಹೆಸರಿರಲಿಲ್ಲ. ನಗುತ್ತ, ಬೆರಳಿಗಂಟಿದ ಚೀಸು ಒರೆಸಿಕೊಳ್ಳುತ್ತ, ಅವಳು ರುಜು ಹಾಕುತ್ತಾ ಹೋಗಿದ್ದಳು. ಜೀವಮಾನವೆಲ್ಲ ಬೇರೆಯವರ ಕಾಗದಗಳಲ್ಲಿ ತಪ್ಪು ಹುಡುಕಿದವಳು ಗೆಳತಿಯ ಕಾಗದವನ್ನು ಓದಿರಲಿಲ್ಲ. ಓದುವುದು ಅವಮಾನ ಅನ್ನಿಸಿತ್ತು.

"ಇಪ್ಪತ್ತೆರಡರಲ್ಲೂ ನಿಂದೇ," ಎಂದಳು ಬ್ಲಾಗಾ ಮೆಲ್ಲಗೆ. "ನಿನ್ನ ಸಿಕ್ಕಿಸಬೇಕು ಅಂತ ಮಾಡಿದ್ದಲ್ಲ. ನಂಬಿಕೆಯವರು ಬೇಕಿತ್ತು, ನೀನಿದ್ದೆ. ಈಗ ಪ್ರಾಸಿಕ್ಯೂಟರ್ ಹತ್ರ ಹೋದ್ರೆ ಮೊದಲು ಕೇಳೋದು ನಿನ್ನನ್ನ. ಸುಳ್ಳು ಸಾಕ್ಷಿ ನಿಂದು. ಲೈಸೆನ್ಸ್ ಹೋಗುತ್ತೆ. ಜೈಲೂ ಆಗಬಹುದು. ಆ ಹೊಲಿಗೆಯವರು ನಿನ್ನ ಮುಖಕ್ಕೆ ಉಗೀತಾರೆ."

"ಮೇಣದ ತುಂಡು ಎಲ್ಲಿ?"

"ಏನು?"

"ಅವಳ ಕಣ್ಣಿಂದ ತೆಗೆದ ಮಾಂಸ. ಹಾಳೆ ಹರೀಬಹುದು. ಮೇಣದ ತುಂಡಿದ್ರೆ ಮತ್ತೆ ಪರೀಕ್ಷೆ ಮಾಡಬಹುದು. ಎಲ್ಲಿದೆ?"

ಬ್ಲಾಗಾ ಗಡಿಯಾರ ನೋಡಿದಳು. "ಏಳೂ ನೆಲಮಾಳಿಗೆಯ ಕೆಂಪು ಚೀಲಕ್ಕೆ ಹೋಗಿವೆ. ಹನ್ನೊಂದಕ್ಕೆ ಆಸ್ಪತ್ರೆ ಕಸ ಸುಡೋಕೆ ಒಯ್ಯೋ ಗಾಡಿ ಬರುತ್ತೆ. ಫೋಟೋ ಇಲ್ಲಿಡು ನೆವೆ. ಮನೆಗೆ ಹೋಗು. ಮಾರ್ಚಿಗೆ ಬಾ."

ಮಾರ್ಚಿಗೆ ಬಾ! ನೆವೆನಾ ಮೇಜಿನ ಮೇಲಿದ್ದ ದಾರವನ್ನು ನೋಡಿದಳು. ಅದನ್ನು ಎತ್ತಿಕೊಳ್ಳಲಿಲ್ಲ. ಫೋಟೋ ಎರಡನ್ನೂ ಕೋಟಿನೊಳಗೆ ಸೇರಿಸಿ ಹೊರಟಳು.

ಓಣಿಯಲ್ಲಿ ಗಡಿಯಾರ ಒಂಬತ್ತಕ್ಕೆ ಐದು ನಿಮಿಷ ತೋರಿಸುತ್ತಿತ್ತು. ಕಾಲಿನ್ಕಾ ಅದೇ ಜಾಗದಲ್ಲಿ, ಚೀಲ ತೊಡೆಯ ಮೇಲಿಟ್ಟುಕೊಂಡು ಕೂತಿದ್ದಳು. ಬಲಗಣ್ಣು ಆಗಲೇ ಇನ್ನಷ್ಟು ಕೆಂಪಾಗಿತ್ತೋ, ನೆವೆನಾಳಿಗೇ ಹಾಗೆ ಕಂಡಿತೋ.

"ಏಳು. ಹೊರಗೆ ಹೋಗೋಣ. ಆ ಸೂಜಿ ಬೇಡ ನಿಂಗೆ."

"ಯಾಕೆ? ಏನಂದ್ರು?"

ನೆವೆನಾ ಹೇಳಿದಳು. ನಿಂತುಕೊಂಡೇ, ಚುಟುಕಾಗಿ, ಪೊಲೀಸ್ ವರದಿ ಓದುವಂತೆ: ಫೋಟೋ ಅದಲುಬದಲಾದದ್ದು, ಮಾಂಸದಲ್ಲಿ ವೈರಸ್ ಸಿಕ್ಕಿದ್ದನ್ನು ಮುಚ್ಚಿಟ್ಟದ್ದು, ಪರೀಕ್ಷೆಗೆ ಒಪ್ಪಿದ್ದಾಳೆಂದು ಕಾಗದ ಮಾಡಿದ್ದು, ಮೇಣದ ತುಂಡು ಕೆಂಪು ಚೀಲಕ್ಕೆ ಬಿದ್ದದ್ದು. ವ್ಲಾಯ್ಕೋ ಅಜ್ಜ ಟೋಪಿ ತೆಗೆದು ಕೈಯಲ್ಲಿ ಹಿಡಿದುಕೊಂಡ.

"ಪೂರ್ತಿ ಓದಿ ಹೇಳಿದೀವಿ ಅಂತ ಬರ್ಕೊಂಡಿದಾರಾ?" ಕಾಲಿನ್ಕಾ ಕೇಳಿದಳು. "ನಂಗೆ ಒಂದಕ್ಷರ ಓದಲಿಲ್ಲ. ಯಾವ ಮುಂಡೇದು ಸಾಕ್ಷಿ ಹಾಕಿದ್ದು?"

ಸುಮ್ಮನಿರಬಹುದಿತ್ತು. ಆಮೇಲೆ ಹೇಳಬಹುದಿತ್ತು. ಬ್ಲಾಗಾ ಕೂಡ ಒಂದು ದಿನ ಹಾಗೆಯೇ ಅಂದುಕೊಂಡಿರಬೇಕು.

"ನಾನು," ಎಂದಳು ನೆವೆನಾ.

ಕಾಲಿನ್ಕಾ ನಕ್ಕಳು. ತಮಾಷೆ ಅಂದುಕೊಂಡಳು. ಆಮೇಲೆ ನೆವೆನಾಳ ಮುಖ ನೋಡಿದಳು. ನಗು ಒಂದು ಮೂಲೆಯಿಂದ ಕಳಚಿಕೊಳ್ಳುತ್ತಾ ಬಂತು.

"ನೀನಾ?"

"ಓದದೆ ಹಾಕಿದೆ. ಆ ಡಾಕ್ಟರ್ ನನ್ನ ಗೆಳ..."

"ಮೂರು ವಾರ ನಮ್ಮನೇಲಿ ಕೂತು ನಮ್ಮ ಸೂಪು ಕುಡ್ದೆ. ನಿನ್ನ ಕಣ್ಣು ತಿಂದೋರನ್ನ ಹಿಡೀತೀನಿ ಅಂದೆ."

"ಕಾಲಿನ್ಕಾ, ಬೈಯೋದೆಲ್ಲ ಆಮೇಲೆ ಬೈ. ಈಗ ಏಳು."

ಮೂರನೇ ಕೋಣೆಯ ಬಾಗಿಲು ತೆರೆಯಿತು. ಈ ತಿಂಗಳಷ್ಟೇ ಬಂದ ಹೊಸ ನರ್ಸು ಪಟ್ಟಿ ನೋಡಿ ಕೂಗಿದಳು: "ಒಂಬತ್ತು! ಬೋಯಾಜಿಯೆವಾ! ಅಂಗಿ ತೋಳು ಮಡಚ್ಕೊಂಡು ಒಳಗೆ ಬನ್ನಿ."

ಓಣಿಯ ಆ ತುದಿಯಲ್ಲಿ ಬ್ಲಾಗಾ ಹೊರಗೆ ಬಂದು ನಿಂತಿದ್ದಳು. ಬಿಳಿ ಕೋಟಿನ ಗುಂಡಿಗಳನ್ನೆಲ್ಲ ಈಗ ಸರಿಯಾಗಿ ಹಾಕಿದ್ದಳು. "ಬನ್ನಿ ಕಾಲಿನ್ಕಾ," ಎಂದಳು ಮೃದುವಾಗಿ. "ಹೆದರಬೇಡಿ. ಒಂದು ನಿಮಿಷದ ಕೆಲಸ."

ಕಾಲಿನ್ಕಾ ಆ ದನಿಯ ಕಡೆಗೆ ತಲೆ ತಿರುಗಿಸಿದಳು. ಇದ್ದೊಂದು ಕಣ್ಣನ್ನು ಮುಚ್ಚಿಕೊಂಡು ಆಲಿಸಿದಳು.

"ಬೆಳ್ಳಗೆ ಕೆಂಪಗೆ ಗಟ್ಟಿಮುಟ್ಟಾಗಿರು," ಎಂದಳು ಮೆಲ್ಲಗೆ. "ನೀವೇ ಅಲ್ವಾ?"

ಬ್ಲಾಗಾಳ ಕೈ ಕೋಟಿನ ಮೇಲಿನ ಗುಂಡಿಗೆ ಹೋಯಿತು.

"ಬೋಯಾಜಿಯೆವಾ! ಬೇಗ!" ಎಂದಳು ನರ್ಸು.

"ಬರಲ್ಲ."

ನೆವೆನಾ ಬಾಗಿ ಅವಳ ತೋಳು ಹಿಡಿದಳು. "ಸರಿ, ಬಾ. ನನ್ನ ಕಾರು ಕೆಳಗಿದೆ. ಇನ್ನೊಂದು ಊರಿನ ಡಾಕ್ಟರ ಹತ್ರ..."

"ನಿನ್ನ ಜೊತೇನೂ ಬರಲ್ಲ." ಕಾಲಿನ್ಕಾ ಬೆಂಚಿನ ಕಬ್ಬಿಣದ ಅಂಚನ್ನು ಎರಡೂ ಕೈಯಲ್ಲಿ ಹಿಡಿದುಕೊಂಡಳು. ಬೆರಳ ಸಂದುಗಳಲ್ಲಿ ಆಕ್ರೋಟಿನ ಕಪ್ಪು ಇನ್ನೂ ಉಳಿದಿತ್ತು. "ಅವರು ಒಳಗೆ ಬಾ ಅಂತಾರೆ, ನೀನು ಹೊರಗೆ ನಡಿ ಅಂತೀಯಾ. ಇಬ್ಬರೂ ನನ್ನ ಕೇಳ್ದೆ ನನ್ನ ಕಾಗದಕ್ಕೆ ಕೈ ಹಾಕಿದೋರೇ. ನನ್ನ ಕಣ್ಣಿನ ಚೂರು ಎಲ್ಲಿದೆ? ಕೆಂಪು ಚೀಲದಲ್ಲಾ? ತಂದು ನನ್ನ ಕೈಗಿಡಿ. ಅಲ್ಲೀವರೆಗೂ ಸೂಜಿ ಚುಚ್ಚಿಸ್ಕೊಳ್ಳಲ್ಲ, ರುಜು ಹಾಕಲ್ಲ, ಇಲ್ಲಿಂದ ಏಳಲ್ಲ."

ಓಣಿಯ ಕೊನೆಯಲ್ಲಿ ಪೆಂಕಾಳ ಒರೆಸುವ ಕೋಲು ನೆಲಕ್ಕೆ ಬಿದ್ದ ಸದ್ದಾಯಿತು. ತಿರುಗಿ ನೋಡಿದಾಗ ಅವಳು ಅಲ್ಲಿರಲಿಲ್ಲ. ನೆಲಮಾಳಿಗೆಯ ಮೆಟ್ಟಿಲ ಬಾಗಿಲು ಇನ್ನೂ ಅಲ್ಲಾಡುತ್ತಿತ್ತು.

"ಕಾಲಿನ್ಕಾ, ಏಳು," ಎಂದಳು ನೆವೆನಾ. "ದಯವಿಟ್ಟು."

"ಕೈ ತೆಗಿ," ಎಂದಳು ಕಾಲಿನ್ಕಾ. "ಏಳಲ್ಲ."